‘ಸ್ಪೆಸಿಫಿಕೇಶನ್’ ಅಂದರೆ ಏನು, ಆ ಪದ ಎಲ್ಲಿಂದ ಬಂತು?

ಪ್ರಶ್ನೆ (ಮನೆ ಕಟ್ಟಿಸುತ್ತಿರುವವರು, ತುಮಕೂರು):

ನಮಸ್ಕಾರ ಮೇಡಂ. 30×40 ಸೈಟಿನಲ್ಲಿ ಮನೆ ಕೆಲಸ ಶುರು ಮಾಡಬೇಕು. ಕಂಟ್ರಾಕ್ಟರ್ ಕೊಟ್ಟ ಕರಾರು ಪತ್ರದ ಕೊನೆಯಲ್ಲಿ ‘ಸ್ಪೆಸಿಫಿಕೇಶನ್’ ಅಂತ ಒಂದು ಹಾಳೆ ಇದೆ. ಅದರಲ್ಲಿ ಇರುವುದು ಇಷ್ಟೇ: “ಉತ್ತಮ ಗುಣಮಟ್ಟದ ಸಿಮೆಂಟ್. ಫಸ್ಟ್ ಕ್ಲಾಸ್ ಇಟ್ಟಿಗೆ. ಬ್ರ್ಯಾಂಡೆಡ್ ಕಂಬಿ. ಸ್ಲ್ಯಾಬಿಗೆ ಅಗತ್ಯವಿದ್ದಷ್ಟು ದಿನ ಕ್ಯೂರಿಂಗ್. ಎಲ್ಲ ಕೆಲಸವೂ ಎಂಜಿನಿಯರಿಗೆ ತೃಪ್ತಿಯಾಗುವಂತೆ.”

ನಮ್ಮ ತಂದೆ ನಿವೃತ್ತ ಕನ್ನಡ ಮೇಷ್ಟ್ರು. ಹಾಳೆ ನೋಡಿ “ಈ ಪದಕ್ಕೆ ಕನ್ನಡದಲ್ಲಿ ಏನಂತಾರೆ?” ಅಂದರು. ನಿಘಂಟು ತೆಗೆದು ‘ನಿರ್ದಿಷ್ಟತೆ’ ಅಂದೆ. “ಇದರಲ್ಲಿ ನಿರ್ದಿಷ್ಟವಾದದ್ದು ಏನಿದೆ ಮಗಾ?” ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪದದ ಅರ್ಥ, ಮೂಲ ಎರಡನ್ನೂ ತಿಳಿಸಿದರೆ ಅವರಿಗೂ ಓದಿ ಹೇಳುತ್ತೇನೆ.

ಉತ್ತರ (ಸಿವಿಲ್ ಎಂಜಿನಿಯರ್, ಟೆಂಡರ್ ದಾಖಲೆ ಬರೆಯುವವರು):

ನಿಮ್ಮ ತಂದೆಯವರಿಗೆ ಮೊದಲು ನನ್ನ ನಮಸ್ಕಾರ ತಿಳಿಸಿ. ಇಪ್ಪತ್ತಾರು ವರ್ಷದಿಂದ ಇದೇ ಹಾಳೆಗಳನ್ನು ಬರೆಯುತ್ತಿದ್ದೇನೆ. ಅವರು ಕೇಳಿದ್ದಕ್ಕಿಂತ ಸರಿಯಾದ ಪ್ರಶ್ನೆಯನ್ನು ಈ ವಿಷಯದಲ್ಲಿ ಯಾರೂ ಕೇಳಿಲ್ಲ.

ಪದದ ಮೂಲ ಲ್ಯಾಟಿನ್. ‘ಸ್ಪೆಸೆರೆ’ ಅಂದರೆ ನೋಡು. ಅದರಿಂದ ‘ಸ್ಪೀಸೀಸ್’: ಕಣ್ಣಿಗೆ ಕಾಣುವ ರೂಪ, ಆಮೇಲೆ ರೂಪ ನೋಡಿ ವಿಂಗಡಿಸಿದ ಬಗೆ, ಜಾತಿ. ಜೀವಶಾಸ್ತ್ರದ ‘ಸ್ಪೀಸೀಸ್’ ಇದೇ. ವ್ಯಾಪಾರಿಗಳು ಬಗೆಬಗೆಯ ಸರಕಿಗೂ ಇದೇ ಪದ ಹಿಡಿದರು. ಅದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಹೋಗಿ ‘ಸ್ಪೈಸ್’ ಆಯಿತು. ನಮ್ಮ ಘಟ್ಟದ ಮೆಣಸು, ಏಲಕ್ಕಿಗೆ ಇಂಗ್ಲಿಷಿನಲ್ಲಿ ಇರುವ ಹೆಸರೂ ಈ ‘ಸ್ಪೆಸಿಫಿಕೇಶನ್’ ಅನ್ನುವ ಪದವೂ ಒಂದೇ ಬೇರಿನವು! ‘ಸ್ಪೀಸೀಸ್’ಗೆ ‘ಮಾಡು’ ಅನ್ನುವ ‘ಫಾಸೆರೆ’ ಸೇರಿ ‘ಸ್ಪೆಸಿಫಿಕಾರೆ’ ಆಯಿತು: ಇದು ಯಾವ ಬಗೆಯದು ಅಂತ ಗೊತ್ತುಮಾಡು. ಮಧ್ಯಯುಗದ ಲ್ಯಾಟಿನ್ನಿನಲ್ಲಿ ಅದರ ನಾಮರೂಪ ಹುಟ್ಟಿ, 17ನೇ ಶತಮಾನದ ಆರಂಭಕ್ಕೆ ಇಂಗ್ಲಿಷಿಗೆ ಬಂತು.

ಇನ್ನು ಮೇಷ್ಟ್ರಿಗೆ ಇಷ್ಟವಾಗುವ ಸಂಗತಿ. ‘ಸ್ಪೆಸೆರೆ’ಗೆ ಸಂಸ್ಕೃತದಲ್ಲಿ ಒಡಹುಟ್ಟಿದ ಧಾತು ಇದೆ, ‘ಸ್ಪಶ್’. ಋಗ್ವೇದದಲ್ಲಿ ವರುಣನ ಸುತ್ತ ಕೂತು ಲೋಕವನ್ನೆಲ್ಲ ನೋಡುತ್ತಿರುವ ಗೂಢಚಾರರಿಗೆ ‘ಸ್ಪಶಃ’ ಅಂತಲೇ ಹೆಸರು. ಮೊದಲ ಸಕಾರ ಬಿದ್ದುಹೋದ ರೂಪ ‘ಪಶ್ಯತಿ’, ನೋಡುತ್ತಾನೆ. ಅದೇ ‘ಸ್ಪಶ್’ನಿಂದ ಬಂದದ್ದು ನಾವು ದಿನಕ್ಕೆ ಹತ್ತು ಸಲ ಆಡುವ ‘ಸ್ಪಷ್ಟ’. ಸ್ಪಷ್ಟ ಅಂದರೆ ಕಂಡದ್ದು, ಕಣ್ಣಿಗೆ ಬಿದ್ದದ್ದು.

ಹಾಗಾಗಿ ‘ಸ್ಪೆಸಿಫಿಕೇಶನ್’ ಅಂದರೆ ಬೇರಿನಿಂದಲೇ ‘ಸ್ಪಷ್ಟ ಮಾಡುವುದು’. ನಾನು ಎಳೆದು ತಂದು ಕೂಡಿಸಿದ ಅರ್ಥ ಅಲ್ಲ, ಎರಡೂ ಪದ ಒಂದೇ ಮನೆಯವು.

ಕಟ್ಟಡದ ಕೆಲಸದಲ್ಲಿ ಅದರ ಅರ್ಥ ಹೀಗೆ: ಯಾವ ಸಾಮಾನು, ಎಂಥದು, ಎಷ್ಟು ಗಟ್ಟಿ, ಹೇಗೆ ಬಳಸಬೇಕು, ಸರಿಯಾಗಿದೆ ಅಂತ ಹೇಗೆ ಪರೀಕ್ಷೆ ಮಾಡಬೇಕು, ಪಾಸಾಗದಿದ್ದರೆ ಏನು ಮಾಡಬೇಕು ಅನ್ನುವುದನ್ನೆಲ್ಲ ಬರೆದಿಟ್ಟ ವಿವರ. ಓದಿದ ಇಬ್ಬರಿಗೆ ಎರಡು ಅರ್ಥ ಹೊಳೆಯಬಾರದು. ನಿಮ್ಮ ಹಾಳೆಯಲ್ಲಿರುವ ‘ಉತ್ತಮ’, ‘ಫಸ್ಟ್ ಕ್ಲಾಸ್’, ‘ಅಗತ್ಯವಿದ್ದಷ್ಟು’ ಯಾವುದೂ ಕಣ್ಣಿಗೆ ಕಾಣುವಂಥದ್ದಲ್ಲ. ತಲೆಬರಹ ಮಾತ್ರ ಸ್ಪೆಸಿಫಿಕೇಶನ್.

ಇದನ್ನು ನಾನು ಕಲಿತದ್ದು ಕಷ್ಟಪಟ್ಟೇ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಹಾಸ್ಟೆಲಿನ ಕಾಂಪೌಂಡ್ ಗೋಡೆಗೆ ದಾಖಲೆ ಬರೆದಿದ್ದೆ. ‘ಫಸ್ಟ್ ಕ್ಲಾಸ್ ಇಟ್ಟಿಗೆ’ ಅಂತಲೇ ಬರೆದೆ. ಲೋಡ್ ಬಂತು. ಕೈಯಲ್ಲಿ ಹಿಡಿದರೆ ಅಂಚು ಉದುರುತ್ತಿತ್ತು, ಒಂದಕ್ಕೊಂದು ತಟ್ಟಿದರೆ ಠಣ್ ಅನ್ನಬೇಕಾದ್ದು ಮಣ್ಣಿನ ಹೆಂಟೆಯ ಹಾಗೆ ಸದ್ದು. ಕೇಳಿದರೆ, “ನಮ್ಮ ಕಡೆ ಭಟ್ಟಿಯಲ್ಲಿ ಇದೇ ಫಸ್ಟ್ ಕ್ಲಾಸ್ ಮೇಡಂ” ಅಂದರು. ಮೂರು ದಿನ ಬಿಸಿಲಲ್ಲಿ ಒಣಗಿದ್ದ ಒಂದು ಇಟ್ಟಿಗೆಯನ್ನು ಪಕ್ಕದ ದಿನಸಿ ಅಂಗಡಿಯಲ್ಲಿ ತೂಗಿಸಿದೆ, 2.9 ಕೆಜಿ. ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು ಮರುದಿನ ಅದೇ ಹೊತ್ತಿಗೆ ತೆಗೆದು ಒರೆಸಿ ತೂಗಿದರೆ 3.6 ಕೆಜಿ. ಹೆಚ್ಚುಕಡಿಮೆ 24 ಶೇಕಡಾ ನೀರು ಕುಡಿದಿತ್ತು. ಲ್ಯಾಬಿನಲ್ಲಾದರೆ ಓವನ್ನಿನಲ್ಲಿ ಒಣಗಿಸಿ ತೂಗುತ್ತಾರೆ, ಕ್ರಮ ಮಾತ್ರ ಇದೇ. ಸಾಮಾನ್ಯ ಸುಟ್ಟ ಇಟ್ಟಿಗೆಗೆ ಐಎಸ್ 1077 (‘ಐಎಸ್’ ಅಂದರೆ ಭಾರತೀಯ ಮಾನಕ) ಇಟ್ಟಿರುವ ಮಿತಿ: 24 ಗಂಟೆ ನೀರಿನಲ್ಲಿಟ್ಟಾಗ 12.5 ಕ್ಲಾಸಿನವರೆಗೆ (ಕ್ಲಾಸ್ ಅಂದರೆ ಇಟ್ಟಿಗೆ ಎಷ್ಟು ಒತ್ತುಬಲ ತಡೆಯುತ್ತದೆ ಅನ್ನುವ ದರ್ಜೆ) ತೂಕದ 20 ಶೇಕಡಾ ದಾಟಬಾರದು, ಅದಕ್ಕಿಂತ ಮೇಲಿನ ಕ್ಲಾಸಿಗೆ 15 ದಾಟಬಾರದು. ಆದರೆ ನನ್ನ ದಾಖಲೆಯಲ್ಲಿ 20 ಅನ್ನುವ ಅಂಕಿಯೂ ಇರಲಿಲ್ಲ, 1077 ಅನ್ನುವ ಸಂಖ್ಯೆಯೂ ಇರಲಿಲ್ಲ. ಲೋಡ್ ವಾಪಸ್ ಕಳಿಸಲು ನನಗೆ ಆಧಾರವೇ ಸಿಗಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಗೋಡೆಯ ಪ್ಲಾಸ್ಟರ್ ಹಪ್ಪಳದ ಹಾಗೆ ಎದ್ದು ಬಂತು. ಆ ಹಾಸ್ಟೆಲಿನ ಮುಂದೆ ಹೋಗುವಾಗ ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಪ್ರಶ್ನೆ (ಡಿಪ್ಲೊಮಾ ವಿದ್ಯಾರ್ಥಿ):

ಮೇಡಂ, ಡ್ರಾಯಿಂಗ್ ಇದೆ, ಎಸ್ಟಿಮೇಟ್ ಇದೆ. ಅವೆರಡರಲ್ಲಿ ಇಲ್ಲದ್ದು ಸ್ಪೆಸಿಫಿಕೇಶನ್‌ನಲ್ಲಿ ಏನಿರುತ್ತದೆ?

ಉತ್ತರ:

ಕಂಬ ಎಲ್ಲಿ ಬರುತ್ತದೆ, ಎಷ್ಟು ದಪ್ಪ, ಎಷ್ಟು ಕಂಬಿ ಅನ್ನುವುದು ನಕ್ಷೆಯಲ್ಲಿ ಸಿಗುತ್ತದೆ. ಒಟ್ಟು ಎಷ್ಟು ಘನ ಮೀಟರ್ ಕಾಂಕ್ರೀಟ್, ಎಷ್ಟು ದುಡ್ಡು ಅನ್ನುವುದು ಅಂದಾಜು ಪಟ್ಟಿಯಲ್ಲಿ. ಆ ಕಾಂಕ್ರೀಟ್ ಎಂಥದ್ದಾಗಿರಬೇಕು ಅನ್ನುವುದನ್ನು ಇವೆರಡೂ ಪೂರ್ತಿ ಹೇಳುವುದಿಲ್ಲ. ನಕ್ಷೆಯ ಮೂಲೆಯಲ್ಲಿ ‘ಎಂ20’ ಅಂತ ಎರಡಕ್ಷರ ಇರುತ್ತದೆ ಅಷ್ಟೆ. ಅದರ ಹಿಂದಿರುವ ಮಾತು ದೊಡ್ಡದು: 150 ಮಿಮೀ ಅಳತೆಯ ಘನಗಳನ್ನು ಎರಕ ಹೊಯ್ದು, 28 ದಿನ ಕಳೆದ ಮೇಲೆ ಯಂತ್ರದಲ್ಲಿ ಒತ್ತಿದರೆ ಚದರ ಮಿಲಿಮೀಟರಿಗೆ 20 ನ್ಯೂಟನ್ ಬಲ ಬರಬೇಕು, ನೂರರಲ್ಲಿ ಐದಕ್ಕಿಂತ ಹೆಚ್ಚು ಫಲಿತಾಂಶ ಅದಕ್ಕಿಂತ ಕೆಳಗೆ ಬೀಳುವಂತಿರಬಾರದು. ಇದು ಕಾಂಕ್ರೀಟ್ ಕೆಲಸದ ಭಾರತೀಯ ಸಂಹಿತೆಯಾದ ಐಎಸ್ 456ರಲ್ಲಿದೆ. ಮೊದಲು 1953ರಲ್ಲಿ ಬಂದದ್ದು, ನೀವು ಈಗ ಓದುತ್ತಿರುವುದು 2000ದ ಪರಿಷ್ಕರಣೆ.

ಒಂದು ಕಿವಿಮಾತು. ಕ್ಲಾಸಿನಲ್ಲಿ ಎರಡು ಬಗೆ ಇದೆ ಅಂತ ಹೇಳಿಕೊಟ್ಟಿರುತ್ತಾರೆ. ‘ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ’ ಅಂತ ಬರೆದರೆ ಮಾಡುವ ಕ್ರಮವನ್ನು ಹೇಳಿದ ಹಾಗೆ. ‘28 ದಿನಕ್ಕೆ 20 ನ್ಯೂಟನ್’ ಅಂತ ಬರೆದರೆ ಸಿಗಬೇಕಾದ ಫಲ ಹೇಳಿದ ಹಾಗೆ. ಕ್ರಮವನ್ನು ನೀವೇ ಕಟ್ಟಿಕೊಟ್ಟು ಫಲಕ್ಕೂ ಕಂಟ್ರಾಕ್ಟರನ್ನೇ ಹೊಣೆ ಮಾಡಿದರೆ, ನೀವು ಹೇಳಿದ ಹಾಗೇ ಕಲಸಿದ್ದೇನೆ, ಬಲ ಬರದಿದ್ದರೆ ನಾನೇನು ಮಾಡಲಿ ಅನ್ನುತ್ತಾರೆ. ಅವರು ಹೇಳುವುದರಲ್ಲಿ ನ್ಯಾಯವಿದೆ. ಜವಾಬ್ದಾರಿ ಯಾರದು ಅಂತ ಮೊದಲು ತೀರ್ಮಾನ ಮಾಡಿ, ಆಮೇಲೆ ಪೆನ್ನು ಹಿಡಿಯಿರಿ. ನಕ್ಷೆಯೂ ಸ್ಪೆಸಿಫಿಕೇಶನ್ನೂ ಒಂದಕ್ಕೊಂದು ತಾಳೆಯಾಗದಿದ್ದರೆ ಯಾವುದನ್ನು ಹಿಡಿಯಬೇಕು ಅನ್ನುವುದೂ ಕರಾರಿನಲ್ಲಿರಲಿ.

ಪ್ರಶ್ನೆ (ಅನುವಾದಕರು, ಧಾರವಾಡ):

ಮೇಡಂ, ಟೆಂಡರ್ ಪ್ರಕಟಣೆ, ಯಂತ್ರಗಳ ಕೈಪಿಡಿ ಕನ್ನಡಕ್ಕೆ ತರುವ ಕೆಲಸ ನನ್ನದು. ‘ನಿರ್ದಿಷ್ಟತೆ’, ‘ನಿರ್ದಿಷ್ಟ ವಿವರಣೆ’, ‘ವಿನಿರ್ದೇಶ’, ‘ತಾಂತ್ರಿಕ ವಿವರ’, ಒಬ್ಬೊಬ್ಬರು ಒಂದೊಂದು ಬರೀತಾರ. ನೀವು ಯಾವುದನ್ನ ಬಳಸ್ತೀರಿ?

ಉತ್ತರ:

ಸೈಟಿನಲ್ಲಿ ನಿಂತಾಗ ‘ಸ್ಪೆಸಿಫಿಕೇಶನ್’ ಅಂತಲೇ ಅನ್ನುತ್ತೇನೆ. ಮೇಸ್ತ್ರಿಯಿಂದ ಹಿಡಿದು ಎಲ್ಲರಿಗೂ ತಿಳಿಯುವುದು ಅದೇ. ಕನ್ನಡದಲ್ಲಿ ದಾಖಲೆ ಬರೆಯುವಾಗ ‘ನಿರ್ದಿಷ್ಟ ವಿವರಣೆ’ ಅನ್ನುತ್ತೇನೆ. ‘ನಿರ್ದಿಷ್ಟತೆ’ ನನಗೆ ಸಮಾಧಾನವಿಲ್ಲ. ‘ಸುಂದರತೆ’, ‘ಶುದ್ಧತೆ’ಗಳ ಹಾಗೆ ಅದು ಒಂದು ಗುಣದ ಹೆಸರು. ಕೈಯಲ್ಲಿ ಹಿಡಿಯುವ ಹಾಳೆಗೆ ಗುಣದ ಹೆಸರು ಇಟ್ಟರೆ ‘ನಿರ್ದಿಷ್ಟತೆಗಳನ್ನು ಲಗತ್ತಿಸಿದೆ’ ಅನ್ನುವಂಥ ವಾಕ್ಯ ಬರುತ್ತದೆ, ಕಿವಿಗೆ ಒಗ್ಗುವುದಿಲ್ಲ. ‘ವಿನಿರ್ದೇಶ’ ಕೇಳಿದವರು ಸಿನಿಮಾ ನಿರ್ದೇಶನದ ಕಡೆಗೆ ಹೋಗುತ್ತಾರೆ. ಭಾರತೀಯ ಮಾನಕ ಬ್ಯೂರೋದವರು ಹಿಂದಿಯಲ್ಲಿ ‘ವಿಶಿಷ್ಟಿ’ ಅಂತ ಬಳಸುತ್ತಾರೆ. ಕನ್ನಡದಲ್ಲಿ ‘ವಿಶಿಷ್ಟ’ ಅಂದರೆ ಅಪರೂಪದ್ದು, ವಿಶೇಷವಾದದ್ದು ಅನ್ನುವ ಅರ್ಥ ಬಲಿತುಬಿಟ್ಟಿದೆ, ನಮಗೆ ಅದು ಬೇಡ.

‘ನಿರ್ದಿಷ್ಟ ವಿವರಣೆ’ಯನ್ನು ಬಿಡಿಸಿ ನೋಡಿ, ಎಷ್ಟು ಚೆನ್ನಾಗಿದೆ. ‘ದಿಶ್’ ಅಂದರೆ ತೋರಿಸು. ದಿಕ್ಕು, ದಿಶೆ, ಆದೇಶ, ಉಪದೇಶ ಎಲ್ಲ ಅಲ್ಲಿಂದಲೇ. ನಿರ್ದಿಷ್ಟ ಅಂದರೆ ಬೆರಳು ಮಾಡಿ ‘ಇದೇ’ ಅಂತ ತೋರಿಸಿದ್ದು. ‘ವಿವರಣೆ’ಯಲ್ಲಿರುವ ‘ವೃ’ ಅಂದರೆ ಮುಚ್ಚು, ‘ವಿ’ ಸೇರಿದರೆ ಮುಚ್ಚಿದ್ದನ್ನು ತೆರೆದು ತೋರಿಸುವುದು. ಲ್ಯಾಟಿನ್ ಪದದಲ್ಲಿ ನೋಡುವ ಕಣ್ಣಿದ್ದರೆ ನಮ್ಮದರಲ್ಲಿ ತೋರಿಸುವ ಬೆರಳಿದೆ.

ಇವೆಲ್ಲಕ್ಕಿಂತ ಹಳೆಯ ಕಾಗದಪತ್ರದಲ್ಲಿ ಇನ್ನೊಂದು ಪದ ಇದೆ, ನಿಮಗೆ ಗೊತ್ತೇ ಇರುತ್ತದೆ: ‘ತಪಶೀಲು’. ಅರಬ್ಬಿಯ ‘ತಫ್ಸೀಲ್’, ಬಿಡಿಬಿಡಿಯಾಗಿ ಬೇರ್ಪಡಿಸಿ ಹೇಳುವುದು. ಕ್ರಯಪತ್ರದ ಕೊನೆಯಲ್ಲಿ ಸ್ವತ್ತಿನ ತಪಶೀಲು ಬರೆದು ಚಕ್ಕುಬಂದಿ ಹಾಕುತ್ತಾರಲ್ಲ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಜಮೀನು, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಓಣಿ, ಇಷ್ಟು ಅಡಿ ಉದ್ದ, ಇಷ್ಟು ಅಡಿ ಅಗಲ. ನನ್ನ ಕಣ್ಣಿಗೆ ಅದು ನಮ್ಮ ಊರುಗಳಲ್ಲಿ ತಲೆಮಾರುಗಳಿಂದ ಬರೆದುಕೊಂಡು ಬಂದ ಅಚ್ಚುಕಟ್ಟಾದ ಸ್ಪೆಸಿಫಿಕೇಶನ್. ‘ಒಳ್ಳೆಯ ಜಮೀನು’ ಅಂತ ಯಾವ ಪತ್ರಬರಹಗಾರರೂ ತಪಶೀಲಿನಲ್ಲಿ ಬರೆಯುವುದಿಲ್ಲ. ಟೆಂಡರಿಗೆ ಈ ಪದ ಇವತ್ತು ಹೊಂದುತ್ತದೆ ಅಂತ ನಾನು ವಾದ ಮಾಡುವುದಿಲ್ಲ. ತುಮಕೂರಿನ ಮೇಷ್ಟ್ರಿಗೆ ಮಾತ್ರ ಥಟ್ಟನೆ ತಿಳಿಯುತ್ತದೆ.

ಅನುವಾದದಲ್ಲಿ ತಲೆಬರಹಕ್ಕಿಂತ ಕ್ರಿಯಾಪದದ ಕಡೆ ಗಮನ ಕೊಡಿ ಅಂತ ಕೇಳಿಕೊಳ್ಳುತ್ತೇನೆ. ಇಂಗ್ಲಿಷ್ ಮೂಲದಲ್ಲಿ ‘ಶಲ್’ ಇದ್ದರೆ ಅದು ಕಡ್ಡಾಯ, ‘ಶುಡ್’ ಇದ್ದರೆ ಶಿಫಾರಸು, ‘ಮೇ’ ಇದ್ದರೆ ಅನುಮತಿ. ಕನ್ನಡದಲ್ಲಿ ಕಡ್ಡಾಯಕ್ಕೆ ನಮ್ಮ ಕಾನೂನು ಭಾಷೆ ‘ತಕ್ಕದ್ದು’ ಅನ್ನುವ ಗಟ್ಟಿ ರೂಪ ಕೊಟ್ಟಿದೆ: ಪರೀಕ್ಷಿಸತಕ್ಕದ್ದು, ಸಲ್ಲಿಸತಕ್ಕದ್ದು. ಮೂರಕ್ಕೂ ‘ಬೇಕು’ ಅಂತ ಹಾಕಿಬಿಟ್ಟರೆ ಯಾವುದನ್ನು ಬಿಡಬಹುದು, ಯಾವುದನ್ನು ಬಿಡುವಂತಿಲ್ಲ ಅನ್ನುವುದು ಓದುವವರಿಗೆ ಕಾಣದೆ ಹೋಗುತ್ತದೆ.

ಪ್ರಶ್ನೆ (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು):

ನಮ್ಮಲ್ಲಿ ದಿನಾ ‘ಸ್ಪೆಕ್’ ಅಂತೀವಿ. ಮೊಬೈಲ್ ಕೊಳ್ಳುವಾಗಲೂ ‘ಸ್ಪೆಕ್ಸ್ ಏನು’ ಅಂತ ಕೇಳ್ತಾರೆ. ಕನ್ನಡಕಕ್ಕೂ ‘ಸ್ಪೆಕ್ಸ್’ ಅಂತಾರಲ್ಲ, ಏನಾದರೂ ಸಂಬಂಧ ಇದೆಯಾ?

ಉತ್ತರ:

ಇದೆ. ಕನ್ನಡಕದ ‘ಸ್ಪೆಕ್ಟಕಲ್ಸ್’ ಕೂಡ ‘ಸ್ಪೆಸೆರೆ’ಯ ಸಂತಾನವೇ. ಕನ್ನಡಕದ ಕುರಿತು ಆ ತುಂಡು ಪದ ಹಳೆಯದು, ದಾಖಲೆಯ ‘ಸ್ಪೆಕ್’ 20ನೇ ಶತಮಾನದ್ದು.

ಸಾಫ್ಟ್‌ವೇರ್ ನನ್ನ ಕ್ಷೇತ್ರವಲ್ಲ. ಆದರೆ ಸ್ಪೆಕ್ ಬರೆದರೆ ಸಾಲದು, ಅದರಂತೆ ನಡೆಯಿತೇ ಅಂತ ನೋಡಲೂ ಬೇಕು ಅನ್ನುವುದಕ್ಕೆ ನಾನು ಕಿರಿಯ ಎಂಜಿನಿಯರುಗಳಿಗೆ ಹೇಳುವ ಉದಾಹರಣೆ ನಿಮ್ಮ ಕಡೆಯದ್ದೇ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳನ ಕಕ್ಷೆ ಸೇರುವ ಹೊತ್ತಿಗೆ ಕೈತಪ್ಪಿ ಹೋಯಿತು. ನೌಕೆಯ ಪುಟ್ಟ ಎಂಜಿನ್ನುಗಳ ನೂಕುಬಲದ ಲೆಕ್ಕವನ್ನು ನ್ಯೂಟನ್-ಸೆಕೆಂಡಿನಲ್ಲಿ ಕೊಡಬೇಕು ಅಂತ ಸ್ಪೆಸಿಫಿಕೇಶನ್‌ನಲ್ಲಿ ಇತ್ತು. ನೆಲದ ಮೇಲಿನ ಒಂದು ಸಾಫ್ಟ್‌ವೇರ್ ಅದನ್ನು ಪೌಂಡ್-ಸೆಕೆಂಡಿನಲ್ಲಿ ಕೊಡುತ್ತಿತ್ತು. ಒಂದಕ್ಕೂ ಇನ್ನೊಂದಕ್ಕೂ ಸುಮಾರು ನಾಲ್ಕೂವರೆ ಪಟ್ಟು ವ್ಯತ್ಯಾಸ. ದಾರಿಯ ಲೆಕ್ಕ ತಪ್ಪಿ ನೌಕೆ ಮಂಗಳಕ್ಕೆ ತೀರಾ ಹತ್ತಿರ ಹೋಯಿತು. ಕಾಗದದಲ್ಲಿ ಎಲ್ಲ ಸ್ಪಷ್ಟವಾಗಿಯೇ ಇತ್ತು.

ಪ್ರಶ್ನೆ (ಮೆಕ್ಯಾನಿಕಲ್ ವರ್ಕ್‌ಶಾಪ್ ನಡೆಸುವವರು, ಹುಬ್ಬಳ್ಳಿ):

ಮೇಡಂ, ನಾನು ಒಂದು ಸಣ್ಣ ಯಂತ್ರಕ್ಕ ಪೇಟೆಂಟ್ ಅರ್ಜಿ ಹಾಕಾಕತ್ತೀನಿ. ಅಲ್ಲೂ ‘ಕಂಪ್ಲೀಟ್ ಸ್ಪೆಸಿಫಿಕೇಶನ್’ ಕೊಡ್ರಿ ಅಂತಾರ. ಇದು ಅದೇನಾ, ಬ್ಯಾರೇನಾ?

ಉತ್ತರ:

ಪದ ಅದೇ, ಕೆಲಸ ತಿರುಗಾಮುರುಗಾ. ನಾವು ಬರೆಯುವುದು ಇನ್ನು ಮುಂದೆ ಆಗಬೇಕಾದ ವಸ್ತುವಿನ ಬಗ್ಗೆ. ನೀವು ಬರೆಯುವುದು ನೀವು ಆಗಲೇ ಕಂಡುಹಿಡಿದದ್ದರ ಬಗ್ಗೆ. 1970ರ ನಮ್ಮ ಪೇಟೆಂಟ್ ಕಾಯ್ದೆಯಲ್ಲಿ ಮೊದಲು ತಾತ್ಕಾಲಿಕ ಸ್ಪೆಸಿಫಿಕೇಶನ್ ಕೊಟ್ಟು, 12 ತಿಂಗಳೊಳಗೆ ಪೂರ್ಣ ಸ್ಪೆಸಿಫಿಕೇಶನ್ ಕೊಡಲು ಅವಕಾಶವಿದೆ. ಗಡುವು ತಪ್ಪಿಸಬೇಡಿ. ಬರೆಯುವ ಕೆಲಸಕ್ಕೆ ಪೇಟೆಂಟ್ ಏಜೆಂಟರನ್ನೇ ಕಾಣಿ.

ಪದದ ಚರಿತ್ರೆಯಲ್ಲಿ ಪೇಟೆಂಟಿಗೆ ದೊಡ್ಡ ಪಾಲಿದೆ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದವರು ತಮ್ಮ ಶೋಧದ ವಿವರ ಬರೆದು ಸಲ್ಲಿಸುವುದು ರೂಢಿಯಾಯಿತು. ಆ ಬರಹಕ್ಕೆ ‘ಸ್ಪೆಸಿಫಿಕೇಶನ್’ ಅಂತ ಹೆಸರು. ಅದು ಎಷ್ಟು ಸ್ಪಷ್ಟವಾಗಿರಬೇಕು ಅನ್ನುವುದನ್ನು ಗಟ್ಟಿಮಾಡಿದ್ದು 1778ರ ಲಿಯಾರ್ಡೆಟ್ ಮತ್ತು ಜಾನ್ಸನ್ ಮೊಕದ್ದಮೆ. ಗೋಡೆಗೆ ಬಳಿಯುವ ಎಣ್ಣೆ ಬೆರೆಸಿದ ಗಾರೆಯ ಪೇಟೆಂಟಿನ ಜಗಳ ಅದು. ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಹೇಳಿದ್ದರ ತಿರುಳು ಇಷ್ಟು: ಪೇಟೆಂಟಿನ ಅವಧಿ ಮುಗಿದ ಮೇಲೆ ಆ ಕಸುಬು ಬಲ್ಲ ಬೇರೆಯವರು ನಿನ್ನ ಬರಹ ಓದಿಕೊಂಡು ಅದೇ ವಸ್ತುವನ್ನು ಮಾಡುವಂತಿರಬೇಕು. ಗಾರೆ ಕೆಲಸದ ಗೋಡೆಯಿಂದಲೇ ಈ ಪದಕ್ಕೆ ಇಂಥ ಅರ್ಥ ಗಟ್ಟಿಯಾಯಿತು ಅನ್ನುವುದು ನನ್ನಂಥ ಸಿವಿಲ್‌ನವಳಿಗೆ ಹೆಮ್ಮೆಯ ವಿಷಯ. ಕಟ್ಟಡ, ಯಂತ್ರಗಳ ತಾಂತ್ರಿಕ ವಿವರ ಅನ್ನುವ ಇವತ್ತಿನ ಬಳಕೆ 19ನೇ ಶತಮಾನದಲ್ಲಿ ಹರಡಿತು.

ನೀವು ಬರೆದದ್ದನ್ನು ನಿಮ್ಮ ವರ್ಕ್‌ಶಾಪಿಗೆ ಬಾರದ ಇನ್ನೊಬ್ಬ ಟರ್ನರಿಗೆ ಓದಲು ಕೊಡಿ. ಅವರಿಗೆ ಎಲ್ಲಿ ಅನುಮಾನ ಬರುತ್ತದೋ ಅಲ್ಲಿ ಇನ್ನೂ ಎರಡು ಸಾಲು ಸೇರಿಸಿ.

ಮೊದಲ ಪ್ರಶ್ನೆ ಕೇಳಿದವರು (ತುಮಕೂರು):

ಮೇಡಂ, ಎಲ್ಲವನ್ನೂ ಅಪ್ಪಾಜಿಗೆ ಓದಿ ಹೇಳಿದೆ. ‘ಸ್ಪಷ್ಟ’ದ ಮಾತು ಬಂದಾಗ ಎದ್ದು ಕೂತು ಇನ್ನೊಂದು ಸಲ ಓದಿಸಿಕೊಂಡರು. ಆಮೇಲೆ ಇಬ್ಬರೂ ಸೇರಿ ಹಾಳೆಯನ್ನು ತಿದ್ದಿ ಬರೆದಿದ್ದೇವೆ. ಬರಹ ಅಪ್ಪಾಜಿಯದು:

“ಸಿಮೆಂಟ್: ಐಎಸ್ 1489 ಭಾಗ 1ರ ಪಿಪಿಸಿ, ಚೀಲದ ಮೇಲೆ ಐಎಸ್ಐ ಗುರುತು ಮತ್ತು ತಯಾರಾದ ವಾರ ಇರತಕ್ಕದ್ದು. ಇಟ್ಟಿಗೆ: ಐಎಸ್ 1077, 24 ಗಂಟೆ ನೀರಿನಲ್ಲಿಟ್ಟಾಗ ಹೀರುವ ನೀರು ತೂಕದ 20 ಶೇಕಡಾ ಮೀರತಕ್ಕದ್ದಲ್ಲ. ಕಂಬಿ: ಐಎಸ್ 1786, ಎಫ್ಇ 500ಡಿ. ಕಾಂಕ್ರೀಟ್: ಎಂ20. ಸ್ಲ್ಯಾಬ್: 7 ದಿನ ಎಡೆಬಿಡದೆ ಒದ್ದೆಯಾಗಿ ಇಡತಕ್ಕದ್ದು. ಕೆಲಸ ಎಂಜಿನಿಯರಿಗೆ ತೃಪ್ತಿಯಾಗುವಂತೆ ಇರತಕ್ಕದ್ದು.”

ಸರಿಯಿದೆಯೇ?

ಉತ್ತರ:

ಮೇಷ್ಟ್ರ ‘ಮೀರತಕ್ಕದ್ದಲ್ಲ’ ನೋಡಿ ಮನಸ್ಸು ತುಂಬಿತು. ಕೆಲವು ಕಡೆ ಮಾತ್ರ ತಿದ್ದಬೇಕು.

ಕ್ಯೂರಿಂಗಿನ, ಅಂದರೆ ಕಾಂಕ್ರೀಟನ್ನು ಒದ್ದೆಯಾಗಿ ಇಡುವ, 7 ದಿನ ಐಎಸ್ 456ರಲ್ಲಿರುವುದು ಓಪಿಸಿ, ಅಂದರೆ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ. ನೀವು ಬರೆದಿರುವುದು ಪಿಪಿಸಿ, ಹಾರುಬೂದಿ ಬೆರೆತದ್ದು, ನಿಧಾನವಾಗಿ ಬಲ ಕಟ್ಟುತ್ತದೆ. ಅದಕ್ಕೆ ಕನಿಷ್ಠ 10 ದಿನ, 14 ದಿನಕ್ಕೆ ಏರಿಸಿದರೆ ಒಳ್ಳೆಯದು ಅಂತ ಅದೇ ಸಂಹಿತೆಯ ಶಿಫಾರಸು. ತುಮಕೂರಿನ ಬಿಸಿಲಿಗೆ ನೀವು 14 ಅಂತಲೇ ಹಾಕಿ. ‘ಒದ್ದೆಯಾಗಿ’ ಅನ್ನುವುದನ್ನೂ ಬಿಡಿಸಿ ಬರೆಯಿರಿ: ಸ್ಲ್ಯಾಬಿನ ಮೇಲೆ ಮಣ್ಣಿನ ಇಲ್ಲವೇ ಗಾರೆಯ ಬದು ಕಟ್ಟಿ ನೀರು ನಿಲ್ಲಿಸತಕ್ಕದ್ದು, ಬೆಳಗ್ಗೆ ಸಂಜೆ ನೋಡಿ ಇಳಿದಿದ್ದರೆ ತುಂಬಿಸತಕ್ಕದ್ದು. ದಿನಕ್ಕೊಮ್ಮೆ ಪೈಪಿನಲ್ಲಿ ನೀರು ಹೊಡೆದು ಹೋದರೂ ‘ಒದ್ದೆ ಮಾಡಿದೆ’ ಅನ್ನಬಹುದಲ್ಲವೇ?

ಎಂ20 ಅನ್ನುವುದನ್ನು ನಿಮ್ಮ ಸ್ಟ್ರಕ್ಚರಲ್ ಡ್ರಾಯಿಂಗಿನ ಜೊತೆ ಹಿಡಿದು ನೋಡಿ. ಅಲ್ಲಿ ಎಂ25 ಇದ್ದರೆ ಇಲ್ಲೂ ಅದೇ ಬರಬೇಕು. ಘನಗಳನ್ನು ಯಾರು ಎರಕ ಹೊಯ್ಯಬೇಕು, ಲ್ಯಾಬಿನ ಖರ್ಚು ಯಾರದು ಅನ್ನುವ ಸಾಲನ್ನೂ ಸೇರಿಸಿ.

ಕೊನೆಯ ‘ತೃಪ್ತಿ’ಯ ಸಾಲು ತೆಗೆದುಹಾಕಿ. ಅದರ ಜಾಗದಲ್ಲಿ ಹೀಗೆ ಬರೆಯಿರಿ: “ಮೇಲಿನ ಯಾವುದೇ ಪರೀಕ್ಷೆಯಲ್ಲಿ ಪಾಸಾಗದ ಸಾಮಾನನ್ನು ಕಂಟ್ರಾಕ್ಟರು 2 ದಿನದೊಳಗೆ ತಮ್ಮ ಖರ್ಚಿನಲ್ಲಿ ಸೈಟಿನಿಂದ ಸಾಗಿಸತಕ್ಕದ್ದು.” ಇಬ್ಬರೂ ಪ್ರತಿ ಪುಟಕ್ಕೆ ಸಹಿ ಮಾಡಿ, ಒಂದು ಪ್ರತಿಯನ್ನು ಮೇಸ್ತ್ರಿಗೂ ಕೊಡಿ. ಮೊದಲ ಲೋಡ್ ಇಟ್ಟಿಗೆ ಬಂದ ದಿನ ಬಕೆಟ್, ತಕ್ಕಡಿ ಹೊಂದಿಸಿಟ್ಟುಕೊಂಡಿರಿ.